ಉಪದೇಶದ ಸಿನಿಮಾಕ್ಕೆ ಟಿಕೆಟ್ ಕೊಳ್ಳಬೇಕೇ?

ಗಾಂಧಿನಗರದ ಪತ್ರಿಕಾಗೋಷ್ಠಿಗಳಲ್ಲಿ ಒಂದು ಮಾತು ತಪ್ಪುವುದೇ ಇಲ್ಲ. ಫೈಟ್ ಇದೆ, ಕಾಮಿಡಿ ಇದೆ, ಸೆಂಟಿಮೆಂಟ್ ಇದೆ ಎಂದೆಲ್ಲ ಹೇಳಿ ಮುಗಿದ ಮೇಲೆ ನಿರ್ದೇಶಕರು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ‘ಜೊತೆಗೆ ಸಮಾಜಕ್ಕೆ ಒಂದು ಒಳ್ಳೆಯ ಸಂದೇಶವೂ ಇದೆ’ ಎನ್ನುತ್ತಾರೆ. ಮದುವೆಯ ಊಟದಲ್ಲಿ ಎಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ. ತಿನ್ನುತ್ತಾರೋ ಬಿಡುತ್ತಾರೋ, ಅದಿಲ್ಲದೆ ಎಲೆ ಪೂರ್ತಿಯಾಗುವುದಿಲ್ಲ. ಇನ್ನು ಕೆಲವು ಚಿತ್ರಗಳಲ್ಲಿ ಎಲೆಯ ತುಂಬ ಉಪ್ಪೇ. ವರದಕ್ಷಿಣೆ, ರೈತರ ಆತ್ಮಹತ್ಯೆ, ಕನ್ನಡ ಶಾಲೆ, ಡ್ರಗ್ಸ್, ಜಾತಿ, ವೃದ್ಧಾಶ್ರಮ ಎಂದು ಒಂದು ವಿಷಯವನ್ನು ಮೊದಲೇ ಗೊತ್ತು ಮಾಡಿಕೊಂಡು ಅದಕ್ಕೊಂದು ಕತೆ ಹೊಲಿದ ಚಿತ್ರಗಳವು. ನೋಡುವವರ ಪೇಚಾಟ ಶುರುವಾಗುವುದು ಇಲ್ಲಿ.

ಇಂಥ ಚಿತ್ರ ಬಂದಾಗ ನಮಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಒಬ್ಬರು ‘ಒಳ್ಳೆ ಮೆಸೇಜ್ ಇದೆ, ಮಕ್ಕಳನ್ನೂ ಕರೆದುಕೊಂಡು ಹೋಗಿ’ ಎನ್ನುತ್ತಾರೆ. ಇನ್ನೊಬ್ಬರು ‘ಅಯ್ಯೋ, ಎರಡೂವರೆ ಗಂಟೆ ಕ್ಲಾಸ್ ತಗೊಂಡ್ರು’ ಎಂದು ಕೈ ಮುಗಿಯುತ್ತಾರೆ. ಸರಿಯಾಗಿ ಕೇಳಿಸಿಕೊಂಡರೆ ಇಬ್ಬರೂ ಚಿತ್ರದ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ಮೊದಲನೆಯವರು ವಿಷಯಕ್ಕೆ ಅಂಕ ಕೊಟ್ಟಿದ್ದಾರೆ, ಎರಡನೆಯವರು ದನಿಯ ಏರಿಗೆ ಅಂಕ ಕಳೆದಿದ್ದಾರೆ. ವಿಷಯ ಒಳ್ಳೆಯದಾಗಿಯೂ ಚಿತ್ರ ಕೆಟ್ಟದ್ದಾಗಿರಬಹುದು; ದನಿ ಗಟ್ಟಿಯಾಗಿದ್ದರೂ ಚಿತ್ರ ನೋಡಲೇಬೇಕಾದದ್ದಾಗಿರಬಹುದು. ಕನ್ನಡ ಸಿನಿಮಾದ ಚರಿತ್ರೆಯಲ್ಲಿ ಈ ಎರಡಕ್ಕೂ ಧಾರಾಳವಾಗಿ ಸಾಕ್ಷಿಗಳಿವೆ.

ಉಪದೇಶ ಎಂದ ಕೂಡಲೇ ಮೂಗು ಮುರಿಯುವುದು ಫಿಲ್ಮ್ ಸೊಸೈಟಿಗಳ ಕಾಲದಿಂದ ನಮಗೆ ಅಂಟಿದ ಅಭ್ಯಾಸ. ನಮ್ಮ ಹರಿಕಥೆಯ ದಾಸರು ಕತೆಯನ್ನು ನಡುವೆಯೇ ನಿಲ್ಲಿಸಿ, ಎದುರಿಗೆ ಕೂತ ಊರಿನ ಸಾಹುಕಾರನಿಗೇ ತಾಗುವಂತೆ ನಾಲ್ಕು ಮಾತು ಹೇಳಿ, ಮತ್ತೆ ದ್ರೌಪದಿಯ ಬಳಿಗೆ ಹೋಗುತ್ತಿದ್ದರು. ಜನ ಎದ್ದು ಹೋಗುತ್ತಿರಲಿಲ್ಲ, ಆ ನಾಲ್ಕು ಮಾತಿಗಾಗಿಯೇ ಬರುತ್ತಿದ್ದರು. ಕಂಪನಿ ನಾಟಕಗಳಲ್ಲೂ ನಾಯಕ ಮುಂದಕ್ಕೆ ಬಂದು ಸಭಿಕರತ್ತ ತಿರುಗಿಯೇ ನೀತಿ ಹೇಳುತ್ತಿದ್ದ. ನಮ್ಮ ಸಿನಿಮಾದ ಮೊದಲ ತಲೆಮಾರಿನ ನಟರಲ್ಲಿ ಬಹಳ ಮಂದಿ ಬಂದದ್ದು ಆ ರಂಗದಿಂದಲೇ. ಹೀಗಾಗಿ ಪಾತ್ರವೊಂದು ಭಾಷಣ ಮಾಡಿತು ಎಂಬುದೊಂದೇ ದೋಷವಾದರೆ ಅರ್ಧ ಕನ್ನಡ ಸಿನಿಮಾವನ್ನು ಕಸದ ಬುಟ್ಟಿಗೆ ಹಾಕಬೇಕಾದೀತು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಉಪದೇಶವನ್ನು ಕಾವ್ಯದ ಪ್ರಯೋಜನಗಳಲ್ಲಿ ಒಂದಾಗಿಯೇ ಎಣಿಸಿದ್ದಾನೆ. ಆದರೆ ಉಪದೇಶದಲ್ಲಿ ಮೂರು ಬಗೆ. ವೇದ ಹೇಳುವುದು ಒಡೆಯನಂತೆ, ಪುರಾಣ ಹೇಳುವುದು ಗೆಳೆಯನಂತೆ, ಕಾವ್ಯ ಹೇಳುವುದು ಕಾಂತೆಯಂತೆ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ತಿರುವಿದ ಯಾರಿಗೂ ಈ ವಿಂಗಡಣೆ ಹೊಸದಲ್ಲ. ನಮ್ಮ ಸಂದೇಶ ಚಿತ್ರಗಳಲ್ಲಿ ಹೆಚ್ಚಿನವು ತಾವು ಕಾವ್ಯವೆಂದು ಹೇಳಿಕೊಂಡು ಒಡೆಯನ ದನಿಯಲ್ಲಿ ಮಾತಾಡುತ್ತವೆ. ಹಾಗಿದ್ದೂ ಕೆಲವು ನಮ್ಮನ್ನು ಗೆಲ್ಲುತ್ತವೆ. ಆ ಗೆಲುವಿನ ಗುಟ್ಟು ದನಿಯಲ್ಲಿಲ್ಲ, ಬೇರೆಲ್ಲೋ ಇದೆ ಎಂಬುದು ನನ್ನ ವಾದ.

‘ಬಂಗಾರದ ಮನುಷ್ಯ’ವನ್ನೇ ತೆಗೆದುಕೊಳ್ಳಿ. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ 1972ರ ಚಿತ್ರ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಪೇಟೆಯಲ್ಲಿದ್ದ ಹುಡುಗರು ಅದನ್ನು ನೋಡಿ ಹಳ್ಳಿಗೆ ಮರಳಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದರ ಸಂದೇಶದಲ್ಲಿ ಸೂಕ್ಷ್ಮವೆಂಬುದು ಎಳ್ಳಷ್ಟೂ ಇಲ್ಲ. ಓದಿದವರು ಹಳ್ಳಿಗೆ ಬನ್ನಿ, ಮೈ ಬಗ್ಗಿಸಿ ದುಡಿಯಿರಿ, ಹೊಸ ಬೇಸಾಯ ಕಲಿಯಿರಿ, ಬಂಡೆಯೂ ಹೊಲವಾಗುತ್ತದೆ. ಇದನ್ನು ಮಾತಿನಲ್ಲಿ ಹೇಳಿ, ಹಾಡಿನಲ್ಲಿ ಹೇಳಿ, ಕಲ್ಲು ಒಡೆದು ತೋರಿಸಿ, ಹಸಿರು ತೆನೆಗಳ ನಡುವೆ ರಾಜಕುಮಾರ್ ಅವರನ್ನು ನಿಲ್ಲಿಸಿ ಮತ್ತೊಮ್ಮೆ ಹೇಳುತ್ತಾರೆ. ಕೃಷಿ ಇಲಾಖೆಯ ಪ್ರಚಾರ ಚಿತ್ರವಾಗಲು ಬೇಕಾದ ಎಲ್ಲವೂ ಅದರಲ್ಲಿದ್ದವು.

ಆಗಲಿಲ್ಲ. ಚಿತ್ರ ಮುಗಿಯುವುದು ಸುಗ್ಗಿಯ ಸಂಭ್ರಮದಲ್ಲಲ್ಲ. ವಿಧವೆ ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಲು ಬಂದ ರಾಜೀವ ಮೊದಲು ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಆಮೇಲೆ, ತಾನೇ ಬೆಳೆಸಿದ ಅಕ್ಕನ ಮಗನಿಂದ ಅನುಮಾನದ ಮಾತು ಕೇಳುತ್ತಾನೆ. ತಾನು ನಿರ್ದೋಷಿ ಎಂದು ಹೇಳಬೇಕೆಂದರೆ ಸತ್ತ ಭಾವನ ಗುಟ್ಟನ್ನು ಬಯಲು ಮಾಡಬೇಕು. ಅದನ್ನು ಹೇಳದೆ, ತಾನೇ ಕಟ್ಟಿದ ಹಸಿರಿಗೆ ಬೆನ್ನು ಹಾಕಿ ಬರಿಗೈಯಲ್ಲಿ ಹೊರಡುತ್ತಾನೆ. ದುಡಿದರೆ ಭೂಮಿ ಕೊಡುತ್ತದೆ ಎಂದು ಇಡೀ ಚಿತ್ರ ಸಾರಿತು. ಭೂಮಿ ಕೊಟ್ಟದ್ದನ್ನು ಮನುಷ್ಯರು ಏನು ಮಾಡುತ್ತಾರೆ ಎಂಬುದನ್ನು ಕೊನೆಯ ಅರ್ಧ ಗಂಟೆ ತೋರಿಸಿತು. ತನ್ನ ಸಂದೇಶದ ಮಿತಿಯನ್ನು ಚಿತ್ರ ತಾನೇ ಕಂಡುಕೊಂಡಿದೆ. ಸಂದೇಶಕ್ಕೆ ಬೆಲೆ ಇದೆ, ಆ ಬೆಲೆಯನ್ನು ತೆರುವವನು ಖಳನಾಯಕನಲ್ಲ, ನಾವು ಮೆಚ್ಚಿದ ಮನುಷ್ಯ. ಜನ ಮತ್ತೆ ಮತ್ತೆ ನೋಡಿದ್ದು ಟ್ರ್ಯಾಕ್ಟರನ್ನಲ್ಲ, ಆ ಹೊರಟುಹೋಗುವಿಕೆಯನ್ನು.

ಸಂದೇಶದ ಸಿನಿಮಾವನ್ನು ಅಳೆಯಲು ನನಗೆ ಸಿಕ್ಕಿರುವ ಅತ್ಯಂತ ನಂಬಿಕೆಯ ಕೋಲು ಇದೇ: ಈ ನೀತಿಗೆ ಬೆಲೆ ತೆತ್ತವರು ಯಾರು? ಖಳನಾಯಕ ಜೈಲಿಗೆ ಹೋದ, ನಾಯಕನಿಗೆ ಹಾರ ಬಿತ್ತು, ನಾವು ಪಾಪ್‌ಕಾರ್ನ್ ಡಬ್ಬಿ ಎಸೆದು ಕಾರು ಹುಡುಕಿದೆವು ಎಂದಾದರೆ ಯಾರೂ ಏನನ್ನೂ ತೆರಲಿಲ್ಲ ಎಂದು ಅರ್ಥ. ಶೌಚಾಲಯ ಕಟ್ಟಿಸಿ ಎಂದು ಹೇಳುವ ‘ಟಾಯ್ಲೆಟ್: ಏಕ್ ಪ್ರೇಮ್ ಕಥಾ’ (2017) ಮೊದಲರ್ಧದಲ್ಲಿ ಗಂಡ-ಹೆಂಡಿರ ಚೆಂದದ ಜಗಳವಾಗಿತ್ತು. ಸೊಸೆಯ ಹಠ ಒಂದು ಕಡೆ, ಮನೆಯಂಗಳದ ಮಡಿ ಇನ್ನೊಂದು ಕಡೆ, ನಡುವೆ ಸಿಕ್ಕಿಬಿದ್ದ ಮಗ. ಇಷ್ಟೇ ಸಾಕಿತ್ತು. ಆದರೆ ಅದಾಗಲೇ ಸ್ವಚ್ಛ ಭಾರತ ಅಭಿಯಾನ ಶುರುವಾಗಿ ಮೂರು ವರ್ಷವಾಗಿತ್ತು, ಚಿತ್ರ ಬರಬರುತ್ತಾ ಅಭಿಯಾನದ ಜಾಹೀರಾತಿನಂತೆ ಮಾತಾಡತೊಡಗಿತು. ಸರ್ಕಾರ, ಪತ್ರಿಕೆ, ಶಾಲೆ ಎಲ್ಲವೂ ಒಪ್ಪಿದ ಮಾತನ್ನು ನಾಯಕ ಎದೆಯುಬ್ಬಿಸಿ ಹೇಳಿದರೆ ಅದರಲ್ಲಿ ಧೈರ್ಯವೆಲ್ಲಿ ಬಂತು?

ನಮ್ಮಲ್ಲಿ ಸಂದೇಶದ ಬೆಲೆಯನ್ನು ಕೊನೆಯ ಪೈಸೆವರೆಗೂ ಲೆಕ್ಕ ಹಾಕಿದವರು ಪುಟ್ಟಣ್ಣ ಕಣಗಾಲ್. ಅವರ ಚಿತ್ರಗಳನ್ನು ಸೂಕ್ಷ್ಮ ಎಂದು ಯಾರೂ ಕರೆಯಲಾರರು. ಬಣ್ಣ ಢಾಳು, ಕ್ಯಾಮೆರಾ ಧಾವಂತದ್ದು, ಸಂಕೇತಗಳು ಕೈ ಹಿಡಿದು ಎಳೆಯುತ್ತವೆ, ಸಂಗೀತ ಅಳುವ ಮೊದಲೇ ಅಳು ಎನ್ನುತ್ತದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ‘ಗೆಜ್ಜೆಪೂಜೆ’ (1969), ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಶರಪಂಜರ’ (1971) ಎರಡರಲ್ಲೂ ಕಲ್ಪನಾ ಅವರ ಅಭಿನಯ ಇಂದಿನ ಕಣ್ಣಿಗೆ ಹಲವೆಡೆ ಅತಿ ಎನ್ನಿಸುತ್ತದೆ. ಆದರೂ ‘ಶರಪಂಜರ’ದ ಎರಡನೆಯ ಅರ್ಧದಲ್ಲಿ ನಡೆಯುವುದನ್ನು ಗಮನಿಸಿ.

ಹೆರಿಗೆಯ ನಂತರ ಮನಸ್ಸಿನ ಸ್ತಿಮಿತ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಸಾಮಾನ್ಯ ಸಂದೇಶ ಚಿತ್ರವಾಗಿದ್ದರೆ ವೈದ್ಯರೊಬ್ಬರು ಮನೋರೋಗವೂ ಜ್ವರದಂತೆ ವಾಸಿಯಾಗುವ ಕಾಯಿಲೆ ಎಂದು ವಿವರಿಸಿ, ಎಲ್ಲರೂ ಕಣ್ಣೊರೆಸಿಕೊಂಡು, ಶುಭಂ. ಇಲ್ಲಿ ಅವಳು ಗುಣವಾದದ್ದೇ ಕತೆಯ ಆರಂಭ. ಅವಳು ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ, ಸಿಟ್ಟಾದರೆ ಮರುಕಳಿಸಿತು ಎಂದುಕೊಳ್ಳುತ್ತಾರೆ. ಗಂಡನಿಗೆ ಅಷ್ಟರಲ್ಲಿ ಬೇರೆ ಆಸರೆ ಸಿಕ್ಕಿದೆ. ಕೈ ಎತ್ತಿ ಹೊಡೆಯುವ, ಊಟಕ್ಕೆ ವಿಷ ಹಾಕುವ ದುಷ್ಟ ಅಲ್ಲಿ ಯಾರೂ ಇಲ್ಲ. ನಮ್ಮ ನಿಮ್ಮ ಮನೆಗಳಲ್ಲಿರುವಂಥ ಸಭ್ಯರೇ ಸುತ್ತ ನಿಂತು ನೋಡಿ ನೋಡಿಯೇ ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತಾರೆ. ಇಂಥ ಮನೆಗೆ ಮರಳಿದ ಹೆಣ್ಣನ್ನು ನಾವೂ ನೋಡಿದ್ದೇವೆ, ನಾವೂ ಹಾಗೆಯೇ ಮುಖ ನೋಡಿಕೊಂಡಿದ್ದೇವೆ ಎಂಬ ಅರಿವು ಪ್ರೇಕ್ಷಕನನ್ನು ಕುರ್ಚಿಯಲ್ಲಿ ಕುಗ್ಗಿಸುತ್ತದೆ. ಚಿತ್ರ ಎಷ್ಟೇ ಗಟ್ಟಿಯಾಗಿ ಕೂಗಲಿ, ಬೊಟ್ಟು ಮಾಡುತ್ತಿರುವುದು ನನ್ನ ಕಡೆಗೆ ಎಂದು ಗೊತ್ತಾದಾಗ ದನಿಯ ಬಗ್ಗೆ ದೂರಲು ಬಾಯಿ ಬರುವುದಿಲ್ಲ.

ಬಹಳಷ್ಟು ಸಂದೇಶ ಚಿತ್ರಗಳು ಇದಕ್ಕೆ ತದ್ವಿರುದ್ಧ. ಅವು ತಪ್ಪನ್ನೆಲ್ಲ ಒಬ್ಬ ರಾಜಕಾರಣಿ, ಒಬ್ಬ ಬಿಲ್ಡರ್, ಒಬ್ಬ ಲಂಚಕೋರ ಅಧಿಕಾರಿಯ ತಲೆಗೆ ಕಟ್ಟಿ ನಮ್ಮನ್ನು ಖುಲಾಸೆ ಮಾಡುತ್ತವೆ. ಕ್ಲೈಮ್ಯಾಕ್ಸಿನಲ್ಲಿ ಟಿವಿ ವಾಹಿನಿಗಳ ಮೈಕು, ಅಂಗಡಿ ಮುಂಗಟ್ಟುಗಳಲ್ಲಿ ನಿಂತು ನೋಡುವ ಜನ, ಆಟೊ ಚಾಲಕನ ಕಣ್ಣಲ್ಲಿ ನೀರು, ನಾಯಕನ ಹತ್ತು ನಿಮಿಷದ ಮಾತು, ಆಮೇಲೆ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ಲಂಚ ಕೊಟ್ಟು ಖಾತೆ ಮಾಡಿಸಿಕೊಂಡವರೂ ಇರುತ್ತಾರೆ. ಮಂಸೋರೆ ಅವರ ‘ಆಕ್ಟ್ 1978’ (2020) ಇದೇ ವಸ್ತುವನ್ನು ಎತ್ತಿಕೊಂಡರೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರಿ ಕಚೇರಿಗೆ ಅಲೆದು ಸೋತ ಗರ್ಭಿಣಿಯೊಬ್ಬಳು ಮೈಗೆ ಬಾಂಬು ಕಟ್ಟಿಕೊಂಡು ಅದೇ ಕಚೇರಿಯಲ್ಲಿ ಕೂರುತ್ತಾಳೆ. ಸನ್ನಿವೇಶ ಅತಿರೇಕದ್ದು, ಮಾತುಗಳೂ ಹಲವೆಡೆ ಘೋಷಣೆಗಳೇ. ಆದರೆ ಟೇಬಲ್ಲಿನಿಂದ ಟೇಬಲ್ಲಿಗೆ ಓಡುವ ಫೈಲು, ಊಟಕ್ಕೆ ಹೋದ ಗುಮಾಸ್ತ, ನಾಳೆ ಬನ್ನಿ ಎಂಬ ಉತ್ತರ ಇವುಗಳ ಪರಿಚಯ ಚಿತ್ರಕ್ಕೆ ಚೆನ್ನಾಗಿದೆ. ತಾನು ಬೈಯುತ್ತಿರುವ ಜಾಗವನ್ನು ಸಿನಿಮಾ ಒಮ್ಮೆಯಾದರೂ ಹತ್ತಿರದಿಂದ ನೋಡಿದೆಯೇ ಎಂಬುದು ಐದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಕೆಸರು ಮೆತ್ತದ ಪಂಚೆಯ ರೈತ, ಇಸ್ತ್ರಿ ಮಾಡಿದ ಖಾದಿಯ ಬಡ ಮೇಷ್ಟ್ರು ತೆರೆಯ ಮೇಲೆ ಬಂದರೆ ಮುಂದಿನದನ್ನು ಊಹಿಸಿಕೊಳ್ಳಬಹುದು.

ಎದುರಾಳಿಗೆ ಮಾತು ಕೊಡುವ ವಿಷಯದಲ್ಲಿ ನಮ್ಮ ಕರಾವಳಿಯ ತಾಳಮದ್ದಳೆ ಸಿನಿಮಾದವರಿಗೆ ಪಾಠ ಹೇಳಬಲ್ಲದು. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದಷ್ಟೇ. ವಾಲಿಯ ಪ್ರಸಂಗದಲ್ಲಿ ಬಾಣ ನಾಟಿಸಿಕೊಂಡು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ವಾಲಿಯ ಮಾತು ಹೇಳುವ ಅರ್ಥಧಾರಿ ಸಮರ್ಥನಾಗಿದ್ದರೆ ಆ ರಾತ್ರಿ ರಾಮನಿಗೆ ಬೆವರು. ಕೃಷ್ಣ ಸಂಧಾನದಲ್ಲಿ ಕೌರವನ ಅರ್ಥ ಹೇಳುವವನು ಸಭೆಯನ್ನು ತನ್ನ ಕಡೆಗೆ ವಾಲಿಸಿಕೊಂಡುಬಿಡಬಹುದು. ಕೊನೆಗೆ ಧರ್ಮ ಯಾವ ಕಡೆ ಎಂಬುದರಲ್ಲಿ ಯಾರಿಗೂ ಗೊಂದಲವಿರುವುದಿಲ್ಲ, ಆದರೆ ಆ ಧರ್ಮ ವಾದದಲ್ಲಿ ಗೆದ್ದು ಬಂದಿರುತ್ತದೆ. ನಮ್ಮ ಸಂದೇಶ ಚಿತ್ರಗಳ ವಾಲಿಗಳು ಬಾಯಿ ತೆರೆದರೆ ಹಲ್ಲು ಕಡಿಯುತ್ತಾರೆ, ಇಲ್ಲವೇ ಅಟ್ಟಹಾಸ ಮಾಡುತ್ತಾರೆ.

ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ನನಗೆ ಇಷ್ಟವಾದ ಚಿತ್ರ. ಮಕ್ಕಳ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಗೆ ಮಲಯಾಳಂ ಮೇಷ್ಟ್ರು ಬಂದರೆ ಮಕ್ಕಳ ಪಾಡೇನು ಎಂಬುದನ್ನು ಮೊದಲರ್ಧ ಎಷ್ಟು ಸಲೀಸಾಗಿ ತೋರಿಸುತ್ತದೆ! ಗಣಿತ ಅರ್ಥವಾಗದ ಹುಡುಗರ ಮುಖವೇ ಅಲ್ಲಿ ವಾದ. ಎರಡನೆಯ ಅರ್ಧ ಕೋರ್ಟಿಗೆ ಹೋಗುತ್ತದೆ, ಅನಂತ್‌ನಾಗ್ ಅವರ ಪಾತ್ರ ಭಾಷಣಕ್ಕೆ ನಿಲ್ಲುತ್ತದೆ. ಅವರು ಅದನ್ನು ನಗುನಗುತ್ತಾ ಗೆದ್ದುಕೊಡುತ್ತಾರೆ, ನಿಜ. ಆದರೆ ಎದುರಿಗಿರುವ ಅಧಿಕಾರಿ ವ್ಯಂಗ್ಯಚಿತ್ರದಿಂದ ಎದ್ದು ಬಂದವನು. ಕನ್ನಡ ಶಾಲೆ ಮುಚ್ಚುವುದರಲ್ಲಿ ಅಂಥ ಅಧಿಕಾರಿಗಿಂತ ದೊಡ್ಡ ಪಾಲು ಯಾರದ್ದು? ಮಗುವಿನ ಭವಿಷ್ಯದ ಚಿಂತೆಯಲ್ಲಿ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಹತ್ತಿಸುವ ಅಪ್ಪ ಅಮ್ಮಂದಿರದ್ದು. ಅವರದ್ದು ದುಷ್ಟತನವಲ್ಲ, ಅವರಿಗೂ ಒಂದು ವಾದವಿದೆ. ಆ ವಾದವನ್ನು ಕಟಕಟೆಗೆ ತಂದಿದ್ದರೆ ಚಿತ್ರಮಂದಿರದಲ್ಲಿ ಕನ್ನಡಕ್ಕೆ ಶಿಳ್ಳೆ ಹೊಡೆದ ನಮ್ಮಲ್ಲಿ ಅನೇಕರು ತಣ್ಣಗಾಗುತ್ತಿದ್ದೆವು. ಇಷ್ಟಾದರೂ ನೋಡಿ ಎಂದೇ ಹೇಳುತ್ತೇನೆ, ಮೊದಲರ್ಧದ ಆ ಶಾಲೆಗಾಗಿ.

ಹಾಗಾದರೆ ಎಲ್ಲವೂ ಮಮ್ಮಟ ಹೇಳಿದ ಹಾಗೆ ಮೃದುವಾಗಿಯೇ ಇರಬೇಕೇ? ಮಲಯಾಳಂನ ‘ದಿ ಗ್ರೇಟ್ ಇಂಡಿಯನ್ ಕಿಚನ್’ (2021) ನೋಡಿದ ಮೇಲೆ ನನಗೆ ಆ ನಂಬಿಕೆ ಉಳಿದಿಲ್ಲ. ಅಲ್ಲಿ ಕಾಂತೆಯೇ ಸಿಹಿಯಾಗಿ ಮಾತಾಡಲು ನಿರಾಕರಿಸಿದ್ದಾಳೆ. ಜಿಯೋ ಬೇಬಿ ನಿರ್ದೇಶನದ ಈ ಚಿತ್ರವನ್ನು ದೊಡ್ಡ ಒಟಿಟಿಗಳು ಮೊದಲಿಗೆ ಮುಟ್ಟಲಿಲ್ಲ. ನೀಸ್ಟ್ರೀಮ್ ಎಂಬ ಸಣ್ಣ ವೇದಿಕೆಯಲ್ಲಿ ಬಿಡುಗಡೆಯಾಗಿ, ಮನೆಮನೆಯ ಜಗಳವಾದ ಮೇಲೆ ಅಮೆಜಾನ್ ಪ್ರೈಮ್‌ಗೂ ಬಂತು. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಒಗ್ಗರಣೆ, ಎಂಜಲು ಬಳಿಯುವುದು, ಪಾತ್ರೆ, ಸೋರುವ ಸಿಂಕು, ಮತ್ತೆ ತರಕಾರಿ. ಮಾವನಿಗೆ ಒಲೆಯ ಮೇಲೆ ಬೆಂದ ಅನ್ನವೇ ಬೇಕು, ಬಟ್ಟೆ ಮಷೀನಿಗೆ ಹಾಕಬಾರದು. ಗಂಡ ಶಾಲೆಯಲ್ಲಿ ಮಕ್ಕಳಿಗೆ ಕುಟುಂಬ ವ್ಯವಸ್ಥೆಯ ಪಾಠ ಹೇಳುವ ಮೇಷ್ಟ್ರು. ಚಿತ್ರ ಒಂದೇ ಮಾತನ್ನು ನೂರು ಸಲ ಹೇಳುತ್ತದೆ. ‘ಗೊತ್ತಾಯ್ತು, ಮುಂದೆ ಹೋಗಿ’ ಎಂದು ಗಂಡಸರು ಸೋಫಾದಲ್ಲಿ ಮಿಸುಕಾಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಅಡುಗೆಮನೆ ಮುಂದೆ ಹೋಗುವುದಿಲ್ಲ, ಅದೇ ತಾನೇ ವಿಷಯ. ಅರ್ಧ ಗಂಟೆಗೆ ನಮಗೆ ಬೇಸರ ಬಂದರೆ ಆ ಮನೆಯ ಸೊಸೆಗೆ ಇಡೀ ಆಯುಷ್ಯದ ಬೇಸರ ಎಂಬುದನ್ನು ಚಿತ್ರ ನಮ್ಮ ಮೈಗೆ ದಾಟಿಸುತ್ತದೆ. ಇಲ್ಲಿ ಭಾರವಾದ ಕೈ ದೋಷವಲ್ಲ, ಕಸುಬು. ಕೊನೆಯ ನೃತ್ಯ ನನಗೆ ಬೇಡವಿತ್ತು, ಅದು ಬರಿಯ ಭಾಷಣ. ಅದಕ್ಕೆ ಸ್ವಲ್ಪ ಹಿಂದೆ ಗಂಡನ ಎರಡನೆಯ ಹೆಂಡತಿ ಅದೇ ಸಿಂಕಿನ ಮುಂದೆ ನಿಂತಿರುತ್ತಾಳಲ್ಲ, ಚಿತ್ರ ಮುಗಿಯುವುದು ಅಲ್ಲಿ.

ಜಾತಿಯ ಚಿತ್ರಗಳಿಗೆ ಬಂದರೆ ಇನ್ನೊಂದು ಸಂಗತಿ ನೋಡಬೇಕಾಗುತ್ತದೆ. ನೋವು ಯಾರದ್ದು, ಕ್ಯಾಮೆರಾ ಯಾರ ಮುಖದ ಮೇಲೆ? 1993ರ ನಿಜ ಪ್ರಕರಣವೊಂದನ್ನು ಆಧರಿಸಿದ ತಮಿಳಿನ ‘ಜೈ ಭೀಮ್’ (2021) ಇರುಳರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಮುಚ್ಚುಮರೆಯಿಲ್ಲದೆ ತೋರಿಸಿತು. ಲಿಜೊಮೋಳ್ ಜೋಸ್ ಅವರ ಸೆಂಗೇಣಿಯನ್ನು ಮರೆಯುವುದು ಕಷ್ಟ. ಆದರೂ ಸೂರ್ಯ ಅವರ ವಕೀಲ ತೆರೆಗೆ ಬಂದಾಗಲೆಲ್ಲ ಅದು ನಾಯಕನ ಚಿತ್ರವಾಗಿಬಿಡುತ್ತದೆ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಫ್ಯಾಂಡ್ರಿ’ (2013) ಕಾಪಾಡುವವರನ್ನು ಕರೆತರುವುದಿಲ್ಲ. ಹಂದಿ ಹಿಡಿಯುವ ಜಬ್ಯಾನ ಕುಟುಂಬ ಸತ್ತ ಹಂದಿಯನ್ನು ಹೊತ್ತು ಶಾಲೆಯ ಗೋಡೆಯ ಪಕ್ಕ ನಡೆಯುತ್ತದೆ, ಗೋಡೆಯ ಮೇಲೆ ಅಂಬೇಡ್ಕರ್, ಫುಲೆಯವರ ಚಿತ್ರಗಳು. ಇದಕ್ಕಿಂತ ಢಾಳಾದ ಸಂಕೇತವಿಲ್ಲ. ಆದರೆ ಹಳ್ಳಿಶಾಲೆಯ ಗೋಡೆಗಳಲ್ಲಿ ಆ ಚಿತ್ರಗಳು ನಿಜಕ್ಕೂ ಇರುತ್ತವೆ, ಆ ದಾರಿಯಲ್ಲಿ ಆ ಕೆಲಸವೂ ನಡೆಯುತ್ತದೆ. ಕೊನೆಗೆ ಹುಡುಗ ಎಸೆದ ಕಲ್ಲು ಕ್ಯಾಮೆರಾದತ್ತ, ಎಂದರೆ ನಮ್ಮತ್ತಲೇ ಬರುತ್ತದೆ. ಬಿ.ವಿ. ಕಾರಂತರ ‘ಚೋಮನ ದುಡಿ’ (1975) ಅದಕ್ಕೂ ಎಷ್ಟೋ ಮೊದಲು ಒಂದೂ ಭಾಷಣವಿಲ್ಲದೆ, ಎಂ.ವಿ. ವಾಸುದೇವರಾವ್ ಅವರ ಮುಖ ಮತ್ತು ದುಡಿಯ ಬಡಿತದಲ್ಲಿ ಇದನ್ನೆಲ್ಲ ಹೇಳಿ ಸ್ವರ್ಣಕಮಲ ಪಡೆದಿತ್ತು.

ನಮಗೆ ಒಪ್ಪಿಗೆಯಿಲ್ಲದ ಸಂದೇಶದ ಚಿತ್ರಗಳನ್ನೂ ನೋಡಬೇಕು ಎಂದರೆ ಕೆಲವರಿಗೆ ಆಶ್ಚರ್ಯವಾಗುತ್ತದೆ. ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದಲ್ಲಿ ಗಂಡನಿಂದ ದೇಹಸುಖ ಸಿಗದ ಮಾಧವಿ ಬೇರೊಬ್ಬನತ್ತ ಒಲಿಯುತ್ತಾಳೆ, ಚಿತ್ರ ಅವಳನ್ನು ಬದುಕಗೊಡುವುದಿಲ್ಲ. ಇಂದು ಆ ತೀರ್ಪಿಗೆ ಸಹಿ ಹಾಕುವವರು ಕಡಿಮೆ. ಆದರೆ ಪುಟ್ಟಣ್ಣ ತೀರ್ಪು ಬರೆದ ಮೇಲೂ ಜಯಂತಿಯವರ ಕಣ್ಣು ಬೇರೇನೋ ಹೇಳುತ್ತಲೇ ಇರುತ್ತದೆ. ಚಿತ್ರ ಉಳಿದಿರುವುದು ಆ ಕಣ್ಣಿನಿಂದ. ಅದೇ ಬಯಕೆಯ ಪ್ರಶ್ನೆಯನ್ನು 45 ವರ್ಷಗಳ ಬಳಿಕ ಮಂಸೋರೆ ‘ನಾತಿಚರಾಮಿ’ಯಲ್ಲಿ (2018) ವಿಧವೆಯೊಬ್ಬಳ ಮೂಲಕ ಮತ್ತೆ ಕೇಳಿದರು, ಯಾರಿಗೂ ಶಿಕ್ಷೆ ಕೊಡಲಿಲ್ಲ. ನನ್ನ ಒಲವು ಪೂರ್ತಿಯಾಗಿ ಎರಡನೆಯದರ ನಿಲುವಿನ ಕಡೆಗೆ. ಎದೆಯಲ್ಲಿ ಹೆಚ್ಚು ಕಾಲ ಕುಳಿತದ್ದು ಮಾತ್ರ ಮೊದಲನೆಯದು. ಒಪ್ಪಿಗೆ ಬೇರೆ, ಮೆಚ್ಚುಗೆ ಬೇರೆ. ನಮ್ಮ ಕಡೆಯ ಮಾತು ಹೇಳಿತು ಎಂಬ ಕಾರಣಕ್ಕೆ ಸಪ್ಪೆ ಚಿತ್ರಕ್ಕೆ ಐದು ನಕ್ಷತ್ರ ಕೊಡುವ ಚಾಳಿ ಈಗ ಎಡ-ಬಲ ಎರಡೂ ಕಡೆ ಬೆಳೆದಿದೆ.

‘ಆದರೆ ಇದರಿಂದ ಸಮಾಜಕ್ಕೆ ಒಳ್ಳೆಯದಾಯಿತಲ್ಲ’ ಎಂಬ ವಾದವೊಂದು ಇದ್ದೇ ಇರುತ್ತದೆ. ರಾಜಕುಮಾರ್ ಅವರ ‘ಜೀವನ ಚೈತ್ರ’ (1992) ಬಂದಾಗ ಹಳ್ಳಿಗಳಲ್ಲಿ ಹೆಂಗಸರು ಸಾರಾಯಿ ಅಂಗಡಿಗಳ ವಿರುದ್ಧ ತಿರುಗಿ ನಿಂತರು ಎಂದು ಹೇಳುತ್ತಾರೆ. ನಂಬಬಹುದಾದ ಮಾತೇ, ರಾಜಕುಮಾರ್ ಹೇಳಿದರೆ ಕೇಳುವ ನಾಡು ಇದು. ಸರ್ಕಾರ ಸಾರಾಯಿ ನಿಷೇಧಿಸಿದ್ದು ಮಾತ್ರ ಹದಿನೈದು ವರ್ಷ ಕಳೆದು, 2007ರ ಜುಲೈ 1ರಿಂದ. ನಡುವೆ ಎಷ್ಟೋ ಚಳವಳಿ, ಎಷ್ಟೋ ಲೆಕ್ಕಾಚಾರಗಳಿದ್ದವು. ಸಿನಿಮಾದ ಪಾಲು ಎಷ್ಟೆಂದು ತೂಗಲು ತಕ್ಕಡಿಯಿಲ್ಲ. ಆ ಚಿತ್ರದಲ್ಲಿ ಸಾರಾಯಿಯ ವಿರುದ್ಧದ ಮಾತುಗಳು ಇಂದು ಹಳೆಯ ಭಾಷಣದಂತೆ ಕೇಳುತ್ತವೆ. ರಾಜಕುಮಾರ್ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದ ‘ನಾದಮಯ’ ಹಾಡು ಹಾಗೆಯೇ ಹೊಸದಾಗಿದೆ. ಪುನೀತ್ ರಾಜಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು, ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲು ನಿಂತರು. ನೇತ್ರದಾನದ ವಸ್ತುವಿನ ‘ಅಕ್ಷಿ’ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ, ನೋಡಿದವರು ಎಷ್ಟು ಮಂದಿ? ಸಮಾಜಕ್ಕೆ ಒಳಿತು ಮಾಡಲು ಹಲವು ದಾರಿಗಳಿವೆ. ಚಿತ್ರವನ್ನು ಚಿತ್ರವಾಗಿ ನೋಡುವುದು ನಮ್ಮ ಕೆಲಸ.

ಪ್ರಶಸ್ತಿ, ತೆರಿಗೆ ವಿನಾಯಿತಿಗಳನ್ನು ನಂಬಿ ಟಿಕೆಟ್ ತೆಗೆಯುವವರೂ ಇದ್ದಾರೆ. ಕರ್ನಾಟಕ ಸರ್ಕಾರ 2022ರಲ್ಲಿ ‘ದಿ ಕಾಶ್ಮೀರ್ ಫೈಲ್ಸ್’ ಚಿತ್ರಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಮರುವರ್ಷ ಸರ್ಕಾರ ಬದಲಾಯಿತು, ‘ಡೇರ್‌ಡೆವಿಲ್ ಮುಸ್ತಾಫಾ’ಗೆ ವಿನಾಯಿತಿ ಸಿಕ್ಕಿತು. ಇದರಿಂದ ನಮಗೆ ತಿಳಿಯುವುದು ಸರ್ಕಾರಗಳ ವಿಷಯ, ಚಿತ್ರಗಳದ್ದಲ್ಲ. ಅಂದ ಹಾಗೆ ‘ಮುಸ್ತಾಫಾ’ ಯಾವ ವಿನಾಯಿತಿಯೂ ಇಲ್ಲದೆ ನೋಡಬಹುದಾದ ಚಿತ್ರ. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಕತೆಯನ್ನು ಅವರ ಅಭಿಮಾನಿಗಳೇ ದುಡ್ಡು ಕೂಡಿಸಿ ಸಿನಿಮಾ ಮಾಡಿದರು. ಹಿಂದೂ ಹುಡುಗರ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬರುತ್ತಾನೆ ಎಂಬ ಒಂದು ಸಾಲು ಕೇಳಿದರೆ ಸೌಹಾರ್ದದ ಉಪನ್ಯಾಸವೇ ನೆನಪಾಗುತ್ತದೆ; ಚಿತ್ರದ ತುಂಬ ಇರುವುದು ಕ್ರಿಕೆಟ್ಟು, ತರಲೆ, ಬಿಡಿಸಲಾಗದ ಪೂರ್ವಗ್ರಹಗಳು. ಕೊನೆಯಲ್ಲಿ ಸ್ವಲ್ಪ ಜೋರಾಗುತ್ತದೆ, ಅಷ್ಟರೊಳಗೆ ನಾವು ಹುಡುಗರ ಪಕ್ಷ ಸೇರಿರುತ್ತೇವೆ.

ಟಿಕೆಟ್ ತೆಗೆಯುವ ಮುಂಚೆ ಇದನ್ನೆಲ್ಲ ಹೇಗೆ ತಿಳಿಯುವುದು? ಟ್ರೇಲರನ್ನು ಒಮ್ಮೆ ಶಬ್ದವಿಲ್ಲದೆ ನೋಡಿ. ಜನ ಏನಾದರೂ ಕೆಲಸ ಮಾಡುತ್ತಿದ್ದಾರೋ, ಬರೀ ನಿಂತು ಬಾಯಿ ಆಡಿಸುತ್ತಿದ್ದಾರೋ ಗೊತ್ತಾಗುತ್ತದೆ. ಚಿತ್ರ ನೋಡಿ ಬಂದವರನ್ನು ಮೆಸೇಜ್ ಏನು ಎಂದು ಕೇಳಬೇಡಿ, ಅದು ಪೋಸ್ಟರಿನಲ್ಲೇ ಇರುತ್ತದೆ. ಯಾವ ದೃಶ್ಯ ನೆನಪಿದೆ ಎಂದು ಕೇಳಿ. ಥಟ್ಟನೆ ಒಂದು ದೃಶ್ಯ ಹೇಳಿದರೆ ಹೋಗಿ, ‘ಒಟ್ಟಿನಲ್ಲಿ ಚೆನ್ನಾಗಿದೆ, ಎಲ್ಲರೂ ನೋಡಬೇಕು’ ಎಂದು ತೇಲಿಸಿದರೆ ಒಟಿಟಿಗೆ ಬರುವವರೆಗೆ ಕಾಯಿರಿ. ಮಕ್ಕಳನ್ನು ಕರೆದೊಯ್ಯುವುದಾದರೆ ಬರುವಾಗ ಏನು ಕಲಿತೆ ಎಂದು ಪರೀಕ್ಷೆ ಮಾಡಬೇಡಿ. ಶಾಲೆಗಳು ಸಾಲುಗಟ್ಟಿಸಿ ರಿಯಾಯಿತಿ ದರದಲ್ಲಿ ತೋರಿಸಿದ ಎಷ್ಟೋ ಚಿತ್ರಗಳು ಆ ಪರೀಕ್ಷೆಯಿಂದಲೇ ಸತ್ತಿವೆ.

ವಿಷಯ ದೊಡ್ಡದು ಎಂಬ ಮುಲಾಜಿಗೆ ಬಿದ್ದು ಸಪ್ಪೆ ಚಿತ್ರದ ಮುಂದೆ ಕೊನೆಯವರೆಗೆ ಕೂರಬೇಕಾದ ಕರ್ತವ್ಯ ಯಾರಿಗೂ ಇಲ್ಲ, ಮಧ್ಯಂತರದಲ್ಲಿ ಎದ್ದು ಬನ್ನಿ. ಈ ಭಾನುವಾರ ಬಿಡುವಿದ್ದರೆ ಮತ್ತು ಒಂದೇ ಚಿತ್ರಕ್ಕೆ ಸಮಯವಿದ್ದರೆ, ಸಂಗೀತದ ಅಬ್ಬರವನ್ನು ಸಹಿಸಿಕೊಂಡು ‘ಶರಪಂಜರ’ ನೋಡಿ. ಈಗಾಗಲೇ ನೋಡಿದವರು ಕಾವೇರಿ ಆಸ್ಪತ್ರೆಯಿಂದ ಮನೆಗೆ ಬರುವಲ್ಲಿಂದ ಇನ್ನೊಮ್ಮೆ ನೋಡಿ.